ಕಾದಂಬರಿಯ ಮೊದಲ ಪುಟ: ಒಂದು ಐತಿಹಾಸಿಕ ವಿಚಾರ

ಕಾದಂಬರಿಯ ಮೊದಲ ವಾಕ್ಯವೇ ವಾಚಕನ ಮನಸ್ಸನ್ನು ಸೆರೆಹಿಡಿಯಬೇಕು, ಮೊದಲ ಪುಟದಲ್ಲಿ ಅವನನ್ನು ಗೆಲ್ಲಲಾರದ ಲೇಖಕನು ಮುಂದೆಂದೂ ಗೆಲ್ಲಲಾರನು ಎಂಬ ಮಾತು ಸಾಹಿತ್ಯಬೋಧನೆಯಲ್ಲಿಯೂ ವಿಮರ್ಶೆಯಲ್ಲಿಯೂ ಸಿದ್ಧಾಂತದ ಗೌರವವನ್ನು ಪಡೆದುಕೊಂಡಿದೆ. ಕಥನಕಲೆಯನ್ನು ಕಲಿಸುವ ಕೈಪಿಡಿಗಳು ಇದನ್ನು ವಿಧಿಯೆಂಬಂತೆ ಹೇಳುತ್ತವೆ. ಹೊಸ ಲೇಖಕನಿಗೆ ಹಸ್ತಪ್ರತಿಯ ಮೊದಲ ಅಧ್ಯಾಯವನ್ನು ಕಿತ್ತುಹಾಕಿ ಎರಡನೆಯದರಿಂದ ಪ್ರಾರಂಭಿಸುವಂತೆ ಬುದ್ಧಿವಾದ ದೊರೆಯುತ್ತದೆ. ವಿಷಯ ಅಷ್ಟಕ್ಕೇ ನಿಂತಿದ್ದರೆ ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಹೆಚ್ಚಿನ ಕೆಲಸವಿರುತ್ತಿರಲಿಲ್ಲ. ಆದರೆ ಈ ವಿಧಿಯನ್ನೇ ಹಿಂದಿನ ಕಾಲಕ್ಕೂ ಹಬ್ಬಿಸಿ, ಇನ್ನೂರು ವರ್ಷಗಳ ಹಿಂದಿನ ಕೃತಿಗಳನ್ನು ಅದರಿಂದ ಅಳೆಯುವ ರೂಢಿ ನಮ್ಮ ತರಗತಿಗಳಲ್ಲಿ ಬೆಳೆದಿದೆ. ಸ್ಕಾಟನ ಗತಿ ಮಂದವೆಂದೂ, ಟಾಲ್‌ಸ್ಟಾಯ್‌ಗೆ ಕಥೆಯನ್ನು ಪ್ರಾರಂಭಿಸಲು ಬರುತ್ತಿರಲಿಲ್ಲವೆಂದೂ, ನಮ್ಮ ಹಿರಿಯ ಕಾದಂಬರಿಗಳಲ್ಲಿ ಪೀಠಿಕೆಯೇ ಹೆಚ್ಚಾಯಿತೆಂದೂ ಹೇಳುವುದು ಸುಲಭವಾಗಿದೆ. ಪಠ್ಯಕ್ಕಾಗಿ ಸಂಕ್ಷೇಪಿಸುವಾಗ ಕತ್ತರಿಗೆ ಮೊದಲು ಸಿಲುಕುವವು ಆರಂಭದ ಪುಟಗಳೇ. 'ಮೊದಲ ಐವತ್ತು ಪುಟಗಳನ್ನು ಬಿಟ್ಟು ಓದಿ' ಎಂದು ಅಧ್ಯಾಪಕರು ಸದುದ್ದೇಶದಿಂದಲೇ ಹೇಳುವುದುಂಟು. ಹೀಗೆ ಬಿಟ್ಟು ಓದಿದಾಗ ನಷ್ಟವಾಗುವುದೇನು, ಈ ವಿಧಿಯಾದರೂ ಎಲ್ಲಿಂದ ಬಂದಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಮೊಟ್ಟಮೊದಲು ಕಾದಂಬರಿಯ 'ಆರಂಭ'ವೆಂದರೆ ಯಾವುದು ಎಂಬ ಪ್ರಶ್ನೆಯೇ ತೋರುವಷ್ಟು ಸರಳವಾದುದಲ್ಲ. ಅಮೆರಿಕದ ಹರ್ಮನ್ ಮೆಲ್ವಿಲ್ಲನ 'ಮೋಬಿ ಡಿಕ್' ೧೮೫೧ರಲ್ಲಿ ಪ್ರಕಟವಾಯಿತು. ನಿರೂಪಕನು ತನ್ನ ಹೆಸರನ್ನು ಹೇಳಿಕೊಳ್ಳುವ ಅದರ ಮೂರೇ ಪದಗಳ ವಾಕ್ಯವನ್ನು ಉತ್ತಮ ಆರಂಭಕ್ಕೆ ಆದರ್ಶವೆಂದು ಎಲ್ಲರೂ ಉದಾಹರಿಸುತ್ತಾರೆ. ಆದರೆ ನ್ಯೂಯಾರ್ಕಿನಲ್ಲಿ ಅಚ್ಚಾದ ಗ್ರಂಥವನ್ನು ತೆರೆದವನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಆ ವಾಕ್ಯವಲ್ಲ. ತಿಮಿಂಗಿಲ ಎಂಬ ಪದದ ನಿಷ್ಪತ್ತಿ, ಆ ಬಳಿಕ ತಿಮಿಂಗಿಲವನ್ನು ಕುರಿತು ನಾನಾ ಗ್ರಂಥಗಳಿಂದ ಆಯ್ದ ಉದ್ಧರಣಗಳ ಹಲವು ಪುಟಗಳು, ಇವೆಲ್ಲವನ್ನೂ ದಾಟಿದ ಮೇಲೆಯೇ ನಿರೂಪಕನ ಪರಿಚಯ. ಅದೇ ವರ್ಷ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆವೃತ್ತಿಯಲ್ಲಿ ಈ ಸಾಮಗ್ರಿಯನ್ನು ಕೊನೆಯ ಸಂಪುಟದ ಕೊನೆಗೆ ಸಾಗಿಸಿದರು. ಹೀಗೆ ಒಂದೇ ವರ್ಷದ ಎರಡು ಆವೃತ್ತಿಗಳಿಗೆ ಎರಡು ಆರಂಭಗಳು. ನಾವಿಂದು ಕೊಂಡಾಡುವ 'ಮೊದಲ ವಾಕ್ಯ' ಮೊದಲನೆಯದಾಗಿದ್ದುದು ಅವುಗಳಲ್ಲಿ ಒಂದರಲ್ಲಿ ಮಾತ್ರ.

ಪ್ರಾಚೀನರ ಪ್ರಮಾಣವನ್ನು ಕೇಳಿದರೂ ಈ ವಿಧಿಗೆ ಬೆಂಬಲ ದೊರೆಯುವುದಿಲ್ಲ. ಕಥೆಯ ನಡುವಿಗೆ ನುಗ್ಗಬೇಕೆಂಬ ಮಾತಿಗೆ ರೋಮನ್ ಕವಿ ಹೊರೇಸನನ್ನು ಆಧಾರವಾಗಿ ಹೇಳುವುದು ವಾಡಿಕೆ. ಆದರೆ ಆತನು ಹೋಮರನನ್ನು ಹೊಗಳುತ್ತಿರುವುದು, ಟ್ರಾಯ್ ಯುದ್ಧದ ಕಥೆಯನ್ನು ಅದರ ಮೂಲದ ಮೂಲದಿಂದ ತೆಗೆಯಲಿಲ್ಲವೆಂಬ ಕಾರಣಕ್ಕೆ. ಅಷ್ಟೇ ಅಲ್ಲ, ಆರಂಭದಲ್ಲಿಯೇ ದೊಡ್ಡ ಸದ್ದು ಮಾಡುವ ಕವಿಯನ್ನು ಆತನು ಅದೇ ಪ್ರಸಂಗದಲ್ಲಿ ಪರಿಹಾಸ್ಯ ಮಾಡುತ್ತಾನೆ. ನಮ್ಮಲ್ಲಿ ದಂಡಿಯು ಮಹಾಕಾವ್ಯದ ಮುಖಕ್ಕೆ ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಎಂಬ ಮೂರು ದಾರಿಗಳನ್ನು ವಿಧಿಸಿದನು. ಈ ಮೂರರಲ್ಲಿ ಯಾವುದೂ ಕೇಳುಗನನ್ನು ಬೆಚ್ಚಿಬೀಳಿಸುವ ಉಪಾಯವಲ್ಲ. ಕೇಳುಗನು ಬಂದು ಕುಳಿತಿದ್ದಾನೆ, ಎದ್ದುಹೋಗುವವನಲ್ಲ ಎಂಬ ನಂಬಿಕೆ ಅವುಗಳ ಹಿನ್ನೆಲೆಯಲ್ಲಿದೆ.

ಹಾಗಾದರೆ ಮೊದಲ ವಾಕ್ಯದ ಮೇಲೆ ಇಷ್ಟು ಭಾರವನ್ನು ಹೇರಿದವರು ಯಾರು? ನಮಗೆ ತಿಳಿದಮಟ್ಟಿಗೆ ಇದನ್ನು ನಿಯಮವಾಗಿ ಸ್ಪಷ್ಟವಾಗಿ ನುಡಿದವರಲ್ಲಿ ಎಡ್ಗರ್ ಆಲನ್ ಪೋ ಪ್ರಮುಖನು. ಹಾಥಾರ್ನನ ಕಥಾಸಂಗ್ರಹವೊಂದನ್ನು ೧೮೪೨ರಲ್ಲಿ 'ಗ್ರಹಾಮ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ ವಿಮರ್ಶಿಸುತ್ತಾ ಆತನು, ಕಥೆಗಾರನು ತಾನು ಸಾಧಿಸಬೇಕೆಂದಿರುವ ಏಕಪರಿಣಾಮಕ್ಕೆ ಮೊದಲ ವಾಕ್ಯವೇ ಸಹಕಾರಿಯಾಗದಿದ್ದರೆ ಮೊದಲ ಹೆಜ್ಜೆಯಲ್ಲಿಯೇ ಸೋತಂತೆ ಎಂದನು. ಈ ಮಾತನ್ನು ಉದ್ಧರಿಸುವವರು ಅದರ ಸನ್ನಿವೇಶವನ್ನು ಬಹುಮಟ್ಟಿಗೆ ಮರೆಯುತ್ತಾರೆ. ಪೋ ಮಾತನಾಡುತ್ತಿರುವುದು ಅರ್ಧ ಗಂಟೆಯಿಂದ ಎರಡು ಗಂಟೆಗಳೊಳಗೆ ಒಂದೇ ಕುಳಿತಕ್ಕೆ ಓದಿ ಮುಗಿಸಬಹುದಾದ ಸಣ್ಣ ಕಥೆಯನ್ನು ಕುರಿತು. ಕಾದಂಬರಿಯನ್ನು ಒಂದೇ ಕುಳಿತಕ್ಕೆ ಓದಲಾಗುವುದಿಲ್ಲ, ಆದಕಾರಣ ಅದಕ್ಕೆ ಈ ಏಕಪರಿಣಾಮದ ಲಾಭವಿಲ್ಲ ಎಂದು ಆತನೇ ಅಲ್ಲಿ ಹೇಳಿದ್ದಾನೆ. ಜೊತೆಗೆ ಪೋ ಬಯಸಿದ್ದು ಮೊದಲ ವಾಕ್ಯವು ಕೊನೆಯ ಪರಿಣಾಮಕ್ಕೆ ದುಡಿಯಬೇಕೆಂದು. ಅದು ಓದುಗನನ್ನು ಹಿಡಿದು ಎಳೆಯಬೇಕೆಂದಲ್ಲ. ಸಣ್ಣ ಕಥೆಗಾಗಿ ಹೇಳಿದ, ಕಾದಂಬರಿಯನ್ನು ಬುದ್ಧಿಪೂರ್ವಕವಾಗಿ ಹೊರಗಿಟ್ಟ ನಿಯಮವೊಂದು ಕಾಲಕ್ರಮದಲ್ಲಿ ಕಾದಂಬರಿಯ ತಲೆಯ ಮೇಲೆಯೇ ಬಂದು ಕುಳಿತದ್ದು ಸಾಹಿತ್ಯಚರಿತ್ರೆಯ ವಿನೋದಗಳಲ್ಲೊಂದು.

ಇನ್ನು ನಿಧಾನವಾದ ಆರಂಭಕ್ಕೆ ಕುಖ್ಯಾತವಾದ ಒಂದು ಕೃತಿಯನ್ನೇ ತೆಗೆದುಕೊಳ್ಳೋಣ. ಸರ್ ವಾಲ್ಟರ್ ಸ್ಕಾಟನ 'ವೇವರ್ಲಿ' ೧೮೧೪ರ ಜುಲೈ ತಿಂಗಳಲ್ಲಿ ಲೇಖಕನ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಹೊರಬಂದಿತು. ೧೭೪೫ರ ಜಾಕೊಬೈಟ್ ದಂಗೆ ಅದರ ವಸ್ತು. ಆದರೆ ಮೊದಲ ಅಧ್ಯಾಯದಲ್ಲಿ ದಂಗೆಯೂ ಇಲ್ಲ, ನಾಯಕನೂ ಇಲ್ಲ. ತನ್ನ ಗ್ರಂಥಕ್ಕೆ ಯಾವ ಹೆಸರಿಡಬೇಕು, ಇಂಥ ಉಪಶೀರ್ಷಿಕೆಯನ್ನು ಕೊಟ್ಟಿದ್ದರೆ ಓದುಗರು ಪಾಳುಬಿದ್ದ ಕೋಟೆಯನ್ನು ನಿರೀಕ್ಷಿಸುತ್ತಿದ್ದರಲ್ಲವೆ, ಇನ್ನೊಂದನ್ನು ಕೊಟ್ಟಿದ್ದರೆ ಗುಪ್ತಸಂಘಗಳನ್ನು ಹುಡುಕುತ್ತಿದ್ದರಲ್ಲವೆ ಎಂದು ಲೇಖಕನು ತನ್ನಷ್ಟಕ್ಕೆ ತರ್ಕಿಸುತ್ತಾನೆ. ನಂತರದ ಅಧ್ಯಾಯಗಳು ಇಂಗ್ಲೆಂಡಿನ ಜಹಗೀರುದಾರ ಮನೆತನವೊಂದರ ವೃತ್ತಾಂತ, ಚಿಕ್ಕ ಹುಡುಗನ ಗೊತ್ತುಗುರಿಯಿಲ್ಲದ ವಿದ್ಯಾಭ್ಯಾಸ, ಆ ಮನೆಯ ಪುಸ್ತಕಭಂಡಾರ. ನಾಯಕನು ಸ್ಕಾಟ್‌ಲೆಂಡನ್ನು ತಲಪುವುದು ಏಳೆಂಟು ಅಧ್ಯಾಯಗಳ ವೇಳೆಗೆ. ಇದು ಓದುಗರಿಗೆ ಬೇಸರ ತರಬಹುದೆಂಬುದನ್ನು ಸ್ಕಾಟನು ಅರಿಯದವನಲ್ಲ. ಐದನೆಯ ಅಧ್ಯಾಯದಲ್ಲಿ ಆತನು, ಬರಿಯ ಮನರಂಜನೆಗಾಗಿ ಕಾದಂಬರಿ ಓದುವವರನ್ನು ಹಳೆಯ ರಾಜಕೀಯದಿಂದ ಇಷ್ಟು ಹೊತ್ತು ಪೀಡಿಸಿದ್ದಕ್ಕೆ ಕ್ಷಮೆ ಬೇಡುತ್ತಾನೆ. ತನ್ನ ವಾಹನ ರೆಕ್ಕೆಯ ಕುದುರೆ ಎಳೆಯುವ ರಥವಲ್ಲ, ರಾಜಮಾರ್ಗದಲ್ಲಿ ಏರಿಳಿಯುತ್ತಾ ಸಾಗುವ ಸಾಮಾನ್ಯ ಬಾಡಿಗೆಯ ಬಂಡಿ ಎಂದು ವಿಜ್ಞಾಪಿಸಿಕೊಳ್ಳುತ್ತಾನೆ. ಕ್ಷಮೆ ಬೇಡಿದನೇ ಹೊರತು ಒಂದು ಪುಟವನ್ನೂ ತೆಗೆಯಲಿಲ್ಲ.

ತೆಗೆಯಲು ಅವಕಾಶವಿರಲಿಲ್ಲವೆಂದಲ್ಲ. ೧೮೨೯ರಲ್ಲಿ ತನ್ನ ಕಾದಂಬರಿಗಳ ಸಮಗ್ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಸ್ಕಾಟನೇ ತಿಳಿಸಿರುವ ಸಂಗತಿ ಇದು. ಸುಮಾರು ೧೮೦೫ರಲ್ಲಿಯೇ ಆತನು ಮೊದಲ ಏಳು ಅಧ್ಯಾಯಗಳಷ್ಟನ್ನು ಬರೆದು, ವಿಮರ್ಶಕನಾದ ಸ್ನೇಹಿತನೊಬ್ಬನಿಗೆ ತೋರಿಸಿದನು. ಸ್ನೇಹಿತನ ಅಭಿಪ್ರಾಯ ಅನುಕೂಲವಾಗಿರಲಿಲ್ಲ. ಹಸ್ತಪ್ರತಿ ಹಳೆಯ ಬರೆಹದ ಮೇಜೊಂದನ್ನು ಸೇರಿ ಮರೆತುಹೋಯಿತು. ವರ್ಷಗಳ ಮೇಲೆ, ಅತಿಥಿಯೊಬ್ಬನಿಗಾಗಿ ಮೀನುಗಾಳದ ಸಲಕರಣೆಗಳನ್ನು ಹುಡುಕುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಸ್ನೇಹಿತನ ತೀರ್ಪು ಬಂದುದು ಇದೇ ಆರಂಭದ ಪುಟಗಳನ್ನು ಓದಿ ಎಂಬುದನ್ನು ಗಮನಿಸಬೇಕು. ಅವನ್ನು ಬದಲಾಯಿಸುವ ಸಕಲ ಕಾರಣಗಳೂ ಇದ್ದಾಗ ಸ್ಕಾಟನು ಅವುಗಳ ಮೇಲೆಯೇ ಉಳಿದ ಕಟ್ಟಡವನ್ನು ಎಬ್ಬಿಸಿದನು. ಗ್ರಂಥ ಹೊರಬಂದಾಗ ಸಾವಿರ ಪ್ರತಿಗಳ ಮೊದಲ ಮುದ್ರಣ ಕೆಲವೇ ವಾರಗಳಲ್ಲಿ ಮುಗಿಯಿತು. ಆ ವರ್ಷದೊಳಗಾಗಿ ಮತ್ತೆ ಮತ್ತೆ ಅಚ್ಚುಹಾಕಬೇಕಾಯಿತು.

ಆ ಪುಟಗಳು ಮಾಡುತ್ತಿರುವ ಕಾರ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡನೆಯ ಅಧ್ಯಾಯದಲ್ಲಿ ಒಂದು ವಾರ್ತಾಪತ್ರದ ಪ್ರಸ್ತಾಪವಿದೆ. ವಾರಕ್ಕೊಮ್ಮೆ ಬರುವ ಆ ಪತ್ರವನ್ನು ಮೊದಲು ಮನೆಯ ಯಜಮಾನ ಸರ್ ಎವರಾರ್ಡ್ ಓದುತ್ತಾನೆ, ಬಳಿಕ ಅವನ ಸೋದರಿ, ಬಳಿಕ ಮುದಿ ಊಳಿಗದವನು. ಅಲ್ಲಿಂದ ಅದು ಪಾದ್ರಿಯ ಮನೆಗೆ, ಪಕ್ಕದ ಜಮೀನುದಾರನಲ್ಲಿಗೆ, ಪಾರುಪತ್ಯಗಾರನಲ್ಲಿಗೆ ಹೋಗಿ, ಕಟ್ಟಕಡೆಗೆ ಹಳ್ಳಿಯ ಮುದುಕ ಮುದುಕಿಯರ ಒರಟು ಕೈಗಳಲ್ಲಿ ಒಂದು ತಿಂಗಳ ಹೊತ್ತಿಗೆ ಹರಿದು ಚಿಂದಿಯಾಗುತ್ತದೆ. ಸುದ್ದಿ ಇಷ್ಟು ನಿಧಾನವಾಗಿ ಹರಡುತ್ತಿದ್ದುದರಿಂದಲೇ, ಕಿರಿಯ ಸೋದರ ರಿಚರ್ಡ್ ಮನೆತನದ ನಿಷ್ಠೆಯನ್ನು ತೊರೆದು ಹೊಸ ರಾಜವಂಶದ ಪಕ್ಷವನ್ನು ಸೇರಿದ್ದು ಅಣ್ಣನಿಗೆ ತಡವಾಗಿ ತಿಳಿಯುತ್ತದೆ. (ನಮ್ಮ ಹಳ್ಳಿಗಳ ಚಾವಡಿಯಲ್ಲಿ ಒಂದೇ ವೃತ್ತಪತ್ರಿಕೆ ಹತ್ತಾರು ಕೈ ದಾಟಿ ಹೋಗುತ್ತಿದ್ದುದನ್ನು ಕಂಡವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.) ತಂದೆ ಒಂದು ಪಕ್ಷ, ಸಾಕಿದ ದೊಡ್ಡಪ್ಪ ಇನ್ನೊಂದು ಪಕ್ಷ, ನಡುವೆ ಪುಸ್ತಕಭಂಡಾರದಲ್ಲಿ ವೀರಕಥೆಗಳನ್ನು ಓದುತ್ತಾ ಬೆಳೆದ ಹುಡುಗ. ಇಂಥವನು ದೊರೆಯ ಸೈನ್ಯದ ಅಧಿಕಾರಿಯಾಗಿ ಹೋಗಿ ದಂಗೆಕೋರರ ಪಾಳೆಯವನ್ನು ಸೇರುವುದು ಆಕಸ್ಮಿಕವಲ್ಲವೆಂದು ನಮಗೆ ತೋರುವುದು ಈ ಆರಂಭದ ಪುಟಗಳಿಂದಲೇ. ಅವನ್ನು ಬಿಟ್ಟು ಓದಿದವನಿಗೆ ಎಡ್ವರ್ಡ್ ವೇವರ್ಲಿ ಕೇವಲ ಚಂಚಲಚಿತ್ತನಾಗಿ ಕಾಣುತ್ತಾನೆ. ಕಾರ್‌ಲೈಲಿನಲ್ಲಿ ಫರ್ಗಸ್ ಮ್ಯಾಕ್ ಐವರನಿಗೆ ಮರಣದಂಡನೆಯಾಗುವಾಗ ವೇವರ್ಲಿ ಮಾತ್ರ ಕ್ಷಮಾದಾನ ಪಡೆದು ಬದುಕಿ ಉಳಿಯುವುದರಲ್ಲಿರುವ ಸಂಕಟವೂ ಅವನಿಗೆ ಅರ್ಧ ಮಾತ್ರ ತಟ್ಟುತ್ತದೆ. ಬೇಸರದ ಪುಟಗಳೆನಿಸಿದವೇ ಕಥೆಯ ಕಾರಣಪುಟಗಳು.

ಆದರೆ ಸ್ಕಾಟನಿಗೆ ಇಷ್ಟು ನಿಧಾನಿಸುವ ಧೈರ್ಯ ಎಲ್ಲಿಂದ ಬಂದಿತು? ಇದಕ್ಕೆ ಉತ್ತರವನ್ನು ಕೇವಲ ಆತನ ಪ್ರತಿಭೆಯಲ್ಲಿ ಹುಡುಕಿದರೆ ಸಾಲದು. ಗ್ರಂಥವು ವಾಚಕನ ಕೈಯನ್ನು ತಲಪುತ್ತಿದ್ದ ವ್ಯವಸ್ಥೆಯಲ್ಲಿಯೂ ಹುಡುಕಬೇಕು. ಸ್ಕಾಟನದೇ 'ಕೆನಿಲ್‌ವರ್ತ್' ೧೮೨೧ರಲ್ಲಿ ಮೂರು ಸಂಪುಟಗಳಿಗೆ ಒಂದೂವರೆ ಗಿನಿ, ಎಂದರೆ ಮೂವತ್ತೊಂದು ಷಿಲಿಂಗ್ ಆರು ಪೆನ್ನಿ, ಬೆಲೆಯಲ್ಲಿ ಹೊರಬಂದಿತು. ಅಂದಿನಿಂದ ಶತಮಾನದ ಕೊನೆಯ ದಶಕದವರೆಗೆ ಹೊಸ ಕಾದಂಬರಿಗೆ ಅದೇ ರೂಢಿಯ ಬೆಲೆಯಾಯಿತು. ಮಧ್ಯಮವರ್ಗದ ಸಂಸಾರಗಳು ಅಷ್ಟು ಹಣ ಕೊಟ್ಟು ಕಾದಂಬರಿಗಳನ್ನು ಕೊಳ್ಳುವುದು ಸಾಧ್ಯವಿರಲಿಲ್ಲ. ಅವರು ಎರವಲು ಪುಸ್ತಕಾಲಯಗಳಿಗೆ ಚಂದಾದಾರರಾದರು. ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ ೧೮೪೨ರಲ್ಲಿ ಲಂಡನ್ನಿನಲ್ಲಿ ಪ್ರಾರಂಭಿಸಿದ ಪುಸ್ತಕಾಲಯ ಇವುಗಳಲ್ಲಿ ಅಗ್ರಗಣ್ಯವಾದುದು. ವರ್ಷಕ್ಕೆ ಒಂದು ಗಿನಿ ಕೊಟ್ಟವನು ಒಂದು ಸಲಕ್ಕೆ ಒಂದು ಸಂಪುಟವನ್ನು ಮನೆಗೆ ಒಯ್ಯಬಹುದಾಗಿತ್ತು. ಹೀಗೆ ಚಂದಾ ಕೊಟ್ಟಾದ ಮೇಲೆ, ಸಂಪುಟ ಮನೆಗೆ ಬಂದಾದ ಮೇಲೆ, ಮೊದಲ ವಾಕ್ಯ ಯಾರಿಗೆ ಏನನ್ನು ಮಾರಬೇಕು? ಸಂಜೆಯ ದೀಪದ ಕೆಳಗೆ ಮನೆಯವರೆಲ್ಲರೂ ಕುಳಿತು ಒಬ್ಬರು ಗಟ್ಟಿಯಾಗಿ ಓದುವುದು ಅನೇಕ ಮನೆಗಳಲ್ಲಿ ವಾಡಿಕೆಯಾಗಿತ್ತು. ಲೇಖಕನು ಮೊದಲ ಸಂಪುಟದಲ್ಲಿ ನಿಧಾನಿಸಬಲ್ಲವನಾಗಿದ್ದನು. ಈ ವ್ಯವಸ್ಥೆಯನ್ನು ನಾವು ಹೊಗಳುತ್ತಿಲ್ಲ. ಮೂರು ಸಂಪುಟಗಳನ್ನು ತುಂಬಲೇಬೇಕೆಂಬ ಕಟ್ಟುಪಾಡಿನಿಂದ ಎಷ್ಟೋ ಲೇಖಕರು ಹವಾಮಾನವನ್ನೂ ವಂಶಾವಳಿಯನ್ನೂ ಪುಟಗಟ್ಟಲೆ ಎಳೆದರು. ಅವರ ಬಹುಪಾಲು ಗ್ರಂಥಗಳು ಇಂದು ಧೂಳು ಹಿಡಿದಿರುವುದು ನ್ಯಾಯವೇ.

ಬಿಡಿ ಸಂಚಿಕೆಗಳ ಮಾರಾಟ ಇನ್ನೊಂದು ಬಗೆಯ ತಾಳ್ಮೆಯನ್ನು ಸಾಕಿತು. ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ೧೮೩೬ರ ಏಪ್ರಿಲಿನಿಂದ ತಿಂಗಳಿಗೊಂದು ಸಂಚಿಕೆಯಂತೆ, ಸಂಚಿಕೆಗೆ ಒಂದು ಷಿಲಿಂಗ್ ಬೆಲೆಗೆ ಬರತೊಡಗಿತು. ಅದರ ಆರಂಭ ಒಂದು ಕ್ಲಬ್ಬಿನ ನಡವಳಿಕೆಯ ವರದಿಯ ಅಣಕ. ಮೊದಲ ಸಂಚಿಕೆ ಕೆಲವು ನೂರು ಪ್ರತಿಗಳಷ್ಟು ಮಾತ್ರ ಸಿದ್ಧವಾಯಿತು, ಜನ ಮುಗಿಬೀಳಲಿಲ್ಲ. ಜುಲೈ ತಿಂಗಳ ನಾಲ್ಕನೆಯ ಸಂಚಿಕೆಯಲ್ಲಿ, ಹತ್ತನೆಯ ಅಧ್ಯಾಯದಲ್ಲಿ, ತಂಗುಮನೆಯೊಂದರ ಅಂಗಳದಲ್ಲಿ ಬೂಟುಗಳಿಗೆ ಮೆರುಗು ಹಚ್ಚುತ್ತಾ ಸ್ಯಾಮ್ ವೆಲ್ಲರ್ ಪ್ರತ್ಯಕ್ಷನಾದನು. ಅಲ್ಲಿಂದ ಗ್ರಂಥದ ಭಾಗ್ಯವೇ ತಿರುಗಿತು. ೧೮೩೭ರ ನವೆಂಬರಿನಲ್ಲಿ ಮುಗಿಯುವ ವೇಳೆಗೆ ಮಾರಾಟ ಸುಮಾರು ನಲವತ್ತು ಸಾವಿರ ಪ್ರತಿಗಳಿಗೆ ಏರಿತ್ತು. ಮೊದಲ ಪುಟವೇ ಸರ್ವಸ್ವವೆಂಬ ನಿಯಮವನ್ನು ಪ್ರಕಾಶಕರು ಅಂದು ಪಾಲಿಸಿದ್ದರೆ ಪಿಕ್‌ವಿಕ್ ಮಹಾಶಯನು ಮೇ ತಿಂಗಳಿನಲ್ಲಿಯೇ ಸಾಯುತ್ತಿದ್ದನು. ಸಂಚಿಕೆಯ ಪದ್ಧತಿಯಲ್ಲಿ ಕುತೂಹಲದ ಕೊಂಡಿ ಇರಬೇಕಾದುದು ಸಂಚಿಕೆಯ ಕೊನೆಯಲ್ಲಿ, ಗ್ರಂಥದ ಮೊದಲಲ್ಲಿ ಅಲ್ಲ. ಮುಂದಿನ ತಿಂಗಳ ಷಿಲಿಂಗನ್ನು ತರಬೇಕಾದುದು ಅದು. ಧಾರಾವಾಹಿಗಳನ್ನು ಓದಿ ಬೆಳೆದ ಕನ್ನಡ ವಾಚಕರಿಗೂ ಈ ಕೊಂಡಿಯ ಪರಿಚಯ ಚೆನ್ನಾಗಿಯೇ ಉಂಟು.

ಒಡನೆಯೇ ಕಥೆಗೆ ನುಗ್ಗುವ ಪದ್ಧತಿಯ ಒಳಗುಟ್ಟನ್ನು ಆಂತನಿ ಟ್ರೊಲೋಪನಷ್ಟು ಪ್ರಾಮಾಣಿಕವಾಗಿ ಹೇಳಿದವರು ವಿರಳ. ೧೮೮೦ರಲ್ಲಿ ಗ್ರಂಥರೂಪದಲ್ಲಿ ಬಂದ 'ದಿ ಡ್ಯೂಕ್ಸ್ ಚಿಲ್ಡ್ರನ್' ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ ಆತನು ಈ ವಿಚಾರವನ್ನೇ ಚರ್ಚೆಗೆ ತೆಗೆದುಕೊಂಡಿದ್ದಾನೆ. ಆ ಪದ್ಧತಿಯಲ್ಲಿ ಚಿನ್ನ ನೆಲದ ಮೇಲ್ಮೈಗೇ ಇದೆ, ಹೆಚ್ಚು ಅಗೆಯಬೇಕಾಗಿಲ್ಲ ಎಂದು ಓದುಗನಿಗೆ ಭಾಸವಾಗುತ್ತದೆ. ಲೇಖಕನಿಗೂ ವರ್ಣನೆಯ ಹೊರೆ ಸ್ವಲ್ಪ ಕಾಲ ತಪ್ಪುತ್ತದೆ. ಆದರೆ ಬಂಡಿಯನ್ನು ಕುದುರೆಯ ಮುಂದೆ ಕಟ್ಟಿದವನು ಎಂದಾದರೊಮ್ಮೆ ಇಳಿದು ಅದನ್ನು ಸರಿಪಡಿಸಲೇಬೇಕಲ್ಲ ಎಂಬುದು ಆತನ ಮಾತಿನ ತಾತ್ಪರ್ಯ. ಹಿನ್ನೆಲೆಯನ್ನು ಮೊದಲು ಹೇಳದಿದ್ದರೆ ಆಮೇಲೆ ಹೇಳಬೇಕು. ಸಾಲ ತೀರುವುದಿಲ್ಲ, ವಾಯಿದೆ ಮುಂದೆ ಹೋಗುತ್ತದೆ ಅಷ್ಟೆ. ನಲವತ್ತಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದವನ ಅನುಭವದ ಮಾತು ಇದಾದುದರಿಂದ ನಾವು ಇದಕ್ಕೆ ಕೈಪಿಡಿಗಳ ಮಾತಿಗಿಂತ ಹೆಚ್ಚಿನ ಬೆಲೆ ಕೊಡುತ್ತೇವೆ.

ಈ ನಡುವೆ ರೈಲು ಬಂದಿತು. ೧೮೪೮ರಲ್ಲಿ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆಯನ್ನು ತೆರೆಯಿತು. ಅದರ ಆಸುಪಾಸಿನಲ್ಲಿಯೇ ರೌಟ್‌ಲೆಡ್ಜ್ ಪ್ರಕಾಶಕರ ಅಗ್ಗದ 'ರೈಲ್ವೆ ಲೈಬ್ರರಿ' ಮಾಲೆಯೂ ಪ್ರಾರಂಭವಾಯಿತು. ಗಾಡಿ ಹೊರಡುವುದಕ್ಕೆ ಮೊದಲಿನ ಕೆಲವೇ ನಿಮಿಷಗಳಲ್ಲಿ ಗಿರಾಕಿ ಪುಸ್ತಕವನ್ನು ಆರಿಸಬೇಕು. ಮೊದಲ ವಾಕ್ಯದ ಮೇಲಿನ ಒತ್ತಡ ಇಲ್ಲಿಯೇ ಹುಟ್ಟಿತೆಂದು ಹೇಳಬೇಕೆನಿಸುತ್ತದೆ. ಆದರೆ ಅಂದು ಗಿರಾಕಿಯ ಕಣ್ಣನ್ನು ಸೆಳೆಯುವ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡದ್ದು ಹಳದಿಯ ರಟ್ಟಿನ ಮೇಲಿನ ಬಣ್ಣದ ಚಿತ್ರ. ಭಾರತದಲ್ಲಿ ಅಲಹಾಬಾದಿನ ಎ. ಎಚ್. ವೀಲರ್ ಸಂಸ್ಥೆ ೧೮೮೮ರಲ್ಲಿ ಇಂಥದೇ ರೈಲ್ವೆ ಮಾಲೆಯನ್ನು ಹೊರಡಿಸಿದಾಗ ಅದರಲ್ಲಿ ಬಂದವು ಕಿಪ್ಲಿಂಗನ ಸಣ್ಣ ಕಥೆಗಳು. ಪ್ರಯಾಣಕ್ಕೆ ತಕ್ಕ ಓದು ಸಣ್ಣ ಕಥೆ. ಪೋ ಹೇಳಿದ ನಿಯಮ ಸಲ್ಲುವ ಜಾತಿಯೂ ಅದೇ.

ನಿಜವಾದ ತಿರುವು ೧೮೯೪ರಲ್ಲಿ ಒದಗಿತು. ಮ್ಯೂಡಿ ಮತ್ತು ಸ್ಮಿತ್ ಸಂಸ್ಥೆಗಳು ಮೂರು ಸಂಪುಟಗಳ ಕಾದಂಬರಿಗಳಿಗೆ ಹಿಂದಿನ ಬೆಲೆಯನ್ನು ಕೊಡಲಾರೆವೆಂದು ಪ್ರಕಾಶಕರಿಗೆ ಸುತ್ತೋಲೆ ಕಳುಹಿಸಿದುವು. ಎಪ್ಪತ್ತು ವರ್ಷಗಳ ಪದ್ಧತಿ ಮೂರು ನಾಲ್ಕು ವರ್ಷಗಳಲ್ಲಿ ಕುಸಿದುಬಿದ್ದು, ಆರು ಷಿಲಿಂಗಿನ ಒಂದೇ ಸಂಪುಟದ ಕಾದಂಬರಿ ಬಳಕೆಗೆ ಬಂದಿತು. ಓದುಗನು ಚಂದಾದಾರನ ಪದವಿಯಿಂದ ಗಿರಾಕಿಯ ಪದವಿಗೆ ಜಾರಿದನು. ೧೯೩೫ರಲ್ಲಿ ಆರು ಪೆನ್ನಿಯ ಪೆಂಗ್ವಿನ್ ಪುಸ್ತಕಗಳು ಬಂದಾಗ ಈ ಬೆಳವಣಿಗೆ ಇನ್ನಷ್ಟು ಮುಂದುವರಿಯಿತು. ಅಂಗಡಿಯಲ್ಲಿ ನಿಂತು ಮೊದಲ ಪುಟವನ್ನು ತಿರುವಿ ನೋಡುವವನು ಸಾಹಿತ್ಯದ ನ್ಯಾಯಾಧೀಶನಾದುದು ಇಂಥ ವ್ಯವಸ್ಥೆಯಲ್ಲಿಯೇ. ಮೊದಲ ವಾಕ್ಯದ ನಿಯಮ ಕಲೆಯ ಶಾಸನವೆನ್ನುವುದಕ್ಕಿಂತ ಪೇಟೆಯ ಶಾಸನವೆಂದರೆ ಹೆಚ್ಚು ಸರಿಯಾದೀತು. ಪೇಟೆಯ ಶಾಸನವೆಂದ ಮಾತ್ರಕ್ಕೆ ಅದು ಅಲ್ಪವೆಂದಲ್ಲ. ಅದಕ್ಕೆ ಒಳಪಟ್ಟು ಬರೆದವರಲ್ಲಿಯೂ ಮಹಾಲೇಖಕರಿದ್ದಾರೆ. ಆದರೆ ಅದನ್ನು ೧೮೧೪ರ ಗ್ರಂಥಕ್ಕೆ ಅನ್ವಯಿಸುವುದು ಕಾಲವಿಪರ್ಯಾಸ.

ಟಾಲ್‌ಸ್ಟಾಯ್‌ಗೆ ಪ್ರಾರಂಭಿಸಲು ಬರುತ್ತಿರಲಿಲ್ಲವೆಂಬ ಆಪಾದನೆಯನ್ನು ಇಲ್ಲಿಯೇ ತೀರಿಸಬಹುದು. 'ಯುದ್ಧ ಮತ್ತು ಶಾಂತಿ'ಯ ಆರಂಭಕ್ಕೆ ಆತನು ಬರೆದು ಬಿಟ್ಟ ಕರಡುಗಳು ಹದಿನೈದರಷ್ಟು ಉಳಿದುಬಂದಿವೆ. ಗಡಿಪಾರಿನಿಂದ ೧೮೫೬ರಲ್ಲಿ ಹಿಂದಿರುಗುವ ಡಿಸೆಂಬ್ರಿಸ್ಟನೊಬ್ಬನ ಕಥೆಯನ್ನು ಬರೆಯಹೊರಟವನು, ಅವನನ್ನು ಅರಿಯಲು ದಂಗೆಯ ವರ್ಷವಾದ ೧೮೨೫ಕ್ಕೆ, ಅದನ್ನು ಅರಿಯಲು ೧೮೧೨ಕ್ಕೆ, ಅದನ್ನೂ ಅರಿಯಲು ೧೮೦೫ಕ್ಕೆ ಹಿಂದೆ ಹಿಂದೆ ಸರಿದನು. ಕೊನೆಗೆ ನಿಂತದ್ದು ಪೀಟರ್ಸ್‌ಬರ್ಗಿನ ಶ್ರೀಮಂತ ಮಹಿಳೆಯೊಬ್ಬಳ ಸಂಜೆಯ ಕೂಟದಲ್ಲಿ. ಅಲ್ಲಿಯ ಮಾತುಕತೆ ಬಹುಭಾಗ ಫ್ರೆಂಚ್ ಭಾಷೆಯಲ್ಲಿ. ನೆಪೋಲಿಯನ್ನನನ್ನು ದ್ವೇಷಿಸುವವರು ನೆಪೋಲಿಯನ್ನನ ಭಾಷೆಯಲ್ಲಿಯೇ ದ್ವೇಷಿಸುತ್ತಾರೆ. ಹೆಸರುಗಳ ಸಂತೆಯಲ್ಲಿ ಮೊದಲ ಸಲ ಓದುವವನು ದಿಕ್ಕುತಪ್ಪುವುದು ನಿಜ. ಆದರೆ ಹದಿನೈದು ಬಾಗಿಲುಗಳನ್ನು ತಟ್ಟಿ ನೋಡಿ ಹದಿನಾರನೆಯದನ್ನು ತೆರೆದವನಿಗೆ ಪ್ರಾರಂಭದ ಪರಿವೆಯಿರಲಿಲ್ಲ ಎನ್ನಲಾದೀತೆ? ಇಷ್ಟಾಗಿ ೧೮೭೩ರಲ್ಲಿ ಇದೇ ಲೇಖಕನು ಪುಷ್ಕಿನ್ನನ ಅಪೂರ್ಣ ಬರೆಹವೊಂದು ಪೀಠಿಕೆಯಿಲ್ಲದೆ ಅತಿಥಿಗಳ ಆಗಮನದಿಂದ ತೊಡಗುವುದನ್ನು ಕಂಡು ಮೆಚ್ಚಿ, ಆ ಹುಮ್ಮಸ್ಸಿನಲ್ಲಿಯೇ 'ಅನ್ನಾ ಕರೆನಿನಾ'ದ ರಚನೆಗೆ ಕೈಹಾಕಿದನು. ಒಬ್ಬನೇ ಲೇಖಕನು ವಸ್ತುವಿಗೆ ತಕ್ಕಂತೆ ಎರಡು ಬಗೆಯ ದ್ವಾರಗಳನ್ನು ಕಟ್ಟಿದನು.

ಈಗ ನಮ್ಮ ಭಾಷೆಯ ಕಡೆಗೆ ಬರೋಣ. ಈ ಸಾಹಿತ್ಯಪ್ರಕಾರಕ್ಕೆ ಕನ್ನಡಿಗರೂ ಮರಾಠಿಗರೂ ಕೊಟ್ಟ ಹೆಸರೇ ಇಲ್ಲಿ ಅರ್ಥಪೂರ್ಣವಾಗಿದೆ. ಬಾಣಭಟ್ಟನ 'ಕಾದಂಬರಿ' ಶೂದ್ರಕನ ಆಸ್ಥಾನದ ದೀರ್ಘ ವರ್ಣನೆಯಿಂದ ತೊಡಗಿ, ಗಿಳಿಯೊಂದರ ಬಾಯಿಗೆ ಕಥೆಯನ್ನು ಒಪ್ಪಿಸಿ, ಕಥೆಯೊಳಗಿನ ಕಥೆಗಳನ್ನು ದಾಟುತ್ತಾ ಸಾಗುತ್ತದ. ಗ್ರಂಥಕ್ಕೆ ಯಾರ ಹೆಸರಿದೆಯೋ ಆ ನಾಯಿಕೆಯೇ ಬಹುದೂರ ಸಾಗಿದ ಮೇಲೆ ಕಾಣಿಸಿಕೊಳ್ಳುತ್ತಾಳೆ. ಇಂಥ ಕೃತಿಯ ಹೆಸರನ್ನು ಹೊತ್ತ ಪ್ರಕಾರವು ಮೊದಲ ವಾಕ್ಯದಲ್ಲಿಯೇ ಗುಟ್ಟನ್ನು ಬಿಡಬೇಕೆಂದು ಕೇಳುವುದು ಹೆಸರಿಗೂ ಒಪ್ಪದ ಮಾತು.

ಆದರೂ ಕನ್ನಡದ ಓದುಗರಿಗೆ ಹೊಸ ಬಗೆಯ ಕಾದಂಬರಿಯ ರುಚಿಯನ್ನು ಹತ್ತಿಸಿದ ಕೃತಿಗಳಲ್ಲೊಂದು ವೇಗವಾಗಿಯೇ ಪ್ರಾರಂಭವಾಗುತ್ತದೆ. ಬಂಕಿಮಚಂದ್ರರ 'ದುರ್ಗೇಶನಂದಿನಿ' ವಂಗಭಾಷೆಯಲ್ಲಿ ೧೮೬೫ರಲ್ಲಿ ಬಂದಿತು, ಬಿ. ವೆಂಕಟಾಚಾರ್ಯರು ಅದನ್ನು ೧೮೮೫ರಲ್ಲಿ ಕನ್ನಡಕ್ಕೆ ತಂದರು. ಬೇಸಿಗೆಯ ಕೊನೆಯಲ್ಲಿ ಒಬ್ಬಂಟಿಯಾಗಿ ಕುದುರೆಯೇರಿ ಮಂದಾರಣದತ್ತ ಹೊರಟ ಯೋಧ, ಕವಿದುಬಂದ ಬಿರುಗಾಳಿ, ಆಶ್ರಯಕ್ಕಾಗಿ ಹೊಕ್ಕ ಶೈಲೇಶ್ವರನ ಗುಡಿ, ಒಳಗಿನ ಕತ್ತಲೆಯಲ್ಲಿ ಇಬ್ಬರು ಸ್ತ್ರೀಯರು: ಇದಕ್ಕಿಂತ ಚುರುಕಾದ ತೊಡಗುವಿಕೆಯನ್ನು ಯಾವ ಕೈಪಿಡಿಯೂ ಬಯಸಲಾರದು. ಸ್ಕಾಟನ 'ಐವನ್‌ಹೋ'ಗೂ ಈ ಕೃತಿಗೂ ಇರುವ ಹೋಲಿಕೆ ಬಹುಕಾಲ ಚರ್ಚೆಗೆ ಒಳಗಾಗಿದೆ. ಆರಂಭದ ಮಟ್ಟಿಗಂತೂ ಬಂಕಿಮರು ಸ್ಕಾಟನಿಗಿಂತ ಬಲು ಚುರುಕು. ಆದರೆ ಈ ಚುರುಕು ಎಷ್ಟು ದೂರ ನಡೆಯುತ್ತದೆ? ಗುಡಿಯ ದೃಶ್ಯ ಮುಗಿಯುತ್ತಲೇ ಲೇಖಕರು ಕುದುರೆಯನ್ನು ಕಟ್ಟಿಹಾಕಿ, ವಂಗದೇಶದಲ್ಲಿ ಮೊಗಲರಿಗೂ ಪಠಾಣರಿಗೂ ನಡೆದ ಹೋರಾಟದ ಚರಿತ್ರೆಯನ್ನು ವಿವರಿಸುತ್ತಾರೆ. ಟ್ರೊಲೋಪನು ಹೇಳಿದ ವಾಯಿದೆಯ ದಿನ ಬಂದಿದೆ. ಐತಿಹಾಸಿಕ ಕಾದಂಬರಿಗೆ ಈ ಸಾಲದಿಂದ ಬಿಡುಗಡೆಯಿಲ್ಲ.

ಕನ್ನಡದಲ್ಲಿ ಪುಸ್ತಕಗಳು ಓದುಗರನ್ನು ತಲಪಿದ ಬಗೆಯನ್ನು ನೆನೆದರೆ ಮೊದಲ ಪುಟದ ಮೇಲೆ ನಮ್ಮಲ್ಲಿ ಬಹುಕಾಲ ಭಾರ ಬೀಳಲಿಲ್ಲವೇಕೆ ಎಂಬುದು ತಿಳಿಯುತ್ತದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದ ಸಂಗತಿ ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ. ಬಾಗಿಲಲ್ಲಿ ಗ್ರಂಥಕರ್ತರೇ ನಿಂತಿರುವಾಗ ಮೊದಲ ವಾಕ್ಯವನ್ನು ಪರೀಕ್ಷಿಸಿ ಕೊಳ್ಳುವವರಾರು? ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ವರ್ಷಕ್ಕಿಷ್ಟು ಗ್ರಂಥಗಳನ್ನು ಕೊಡುವ ಏರ್ಪಾಟನ್ನು ಮಾಡಿತು. ಇದು ಒಂದರ್ಥದಲ್ಲಿ ಮ್ಯೂಡಿಯ ಗಿನಿಯೇ. ಇಲ್ಲಿ ಪುಸ್ತಕ ಓದುಗನ ಸ್ವಂತವಾಗುತ್ತಿತ್ತೆಂಬುದು ವ್ಯತ್ಯಾಸ. ಓದುಗನ ವಿಶ್ವಾಸ ಮುಂಗಡವಾಗಿ ಸಂದಾಯವಾದಲ್ಲಿ ಲೇಖಕನಿಗೆ ಮೊದಲ ಪುಟದಲ್ಲಿ ಗಾಬರಿಯಿಲ್ಲ.

ಕೇವಲ ಎರಡು ವರ್ಷಗಳ ಅಂತರದಲ್ಲಿ ಬಂದ ಎರಡು ಕನ್ನಡ ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವಿಚಾರ ಇನ್ನೂ ಸ್ಪಷ್ಟವಾಗುತ್ತದೆ. ಅನಂತಮೂರ್ತಿಯವರ 'ಸಂಸ್ಕಾರ' ೧೯೬೫ರದು. ಪ್ರಾಣೇಶಾಚಾರ್ಯರು ರೋಗಿಯಾದ ಹೆಂಡತಿಗೆ ನಿತ್ಯದಂತೆ ಮೀಯಿಸಿ ಉಪಚರಿಸುತ್ತಿರುವಾಗಲೇ ಚಂದ್ರಿ ಬಂದು ನಾರಣಪ್ಪನ ಸಾವಿನ ಸುದ್ದಿಯನ್ನು ತಿಳಿಸುತ್ತಾಳೆ. ಶವಸಂಸ್ಕಾರ ಯಾರು ಮಾಡಬೇಕೆಂಬ ಸಮಸ್ಯೆ ಅಗ್ರಹಾರದ ಮೇಲೆ ಎರಗಲು ಕೆಲವು ಪುಟಗಳೇ ಸಾಕು. ಹೆಣ ಕಾಯುವುದಿಲ್ಲ, ಆದಕಾರಣ ಕಥೆಯೂ ಕಾಯಲಾರದು. ಇಲ್ಲಿ ವೇಗ ಓದುಗನ ಮನಸ್ಸನ್ನು ಸೆಳೆಯಲು ಹೂಡಿದ ತಂತ್ರವಲ್ಲ, ವಸ್ತುವಿನ ಧರ್ಮವೇ ಅದು. ಆ ಮೊದಲ ಪುಟಗಳಲ್ಲಿಯೂ ನಮ್ಮನ್ನು ಹೆಚ್ಚು ಕಾಡುವುದು ಸಾವಿನ ಸುದ್ದಿಗಿಂತ ಅದಕ್ಕೆ ಮುಂಚಿನ ಆ ನಿತ್ಯದ ಉಪಚಾರವೆಂದು ನಾವು ಭಾವಿಸುತ್ತೇವೆ. ಆಚಾರ್ಯರು ಮುಂದೆ ಕಳೆದುಕೊಳ್ಳಲಿರುವುದೇನೆಂಬುದು ಅಲ್ಲಿ ಸದ್ದಿಲ್ಲದೆ ನಿರೂಪಿತವಾಗಿದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ೧೯೬೭ರಲ್ಲಿ ಹೊರಬಂದಿತು. ಕಥೆಗೆ ಮುನ್ನ ಓದುಗನಿಗೆಂದು ಒಂದು ಸೂಚನೆಯಿದೆ: ಇಲ್ಲಿ ಮುಖ್ಯರೆಂದೂ ಅಮುಖ್ಯರೆಂದೂ ಭೇದವಿಲ್ಲವೆಂಬುದು, ಆತುರಕ್ಕೆ ಎಡೆಯಿಲ್ಲವೆಂಬುದು ಅದರ ಭಾವ. ದಂಡಿ ಹೇಳಿದ ವಸ್ತುನಿರ್ದೇಶವೇ ಹೊಸ ವೇಷದಲ್ಲಿ ಬಂದಿದೆ ಎನ್ನಬಹುದು. ಆಮೇಲೆ ಕಾಣಿಸಿಕೊಳ್ಳುವವರು ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯ. ಗುತ್ತಿ ನಡೆಯುತ್ತಾನೆ, ನಾಯಿ ಹಿಂದೆಯೋ ಮುಂದೆಯೋ ಓಡಾಡುತ್ತದೆ. ಅವರ ನಡಿಗೆಯ ಗತಿಯೇ ಕಥೆಯ ಗತಿ. ಅಂಗಡಿಯಲ್ಲಿ ನಿಂತು ಪುಟ ತಿರುವುವವನಿಗೆ ಇಲ್ಲಿ ಸಿಕ್ಕುವುದು ಹೆಚ್ಚೇನೂ ಇಲ್ಲ. ಕಾಡಿನ ದಾರಿ, ಮನೆಗಳ ಹೆಸರು, ಊರುಗಳ ಹೆಸರು, ನಡುನಡುವೆ ಆಳುಕಾಳುಗಳ ಮಾತು. ಆದರೆ ನೂರಾರು ಪುಟಗಳ ಮೇಲೆ, ತಿಮ್ಮಿಯೊಡನೆ ಗುತ್ತಿ ನೆರೆಬಂದ ತುಂಗೆಯನ್ನು ದಾಟುವಾಗ ಆ ನಾಯಿ ಪ್ರವಾಹದ ಪಾಲಾಗುತ್ತದೆ. ಮೊದಲ ಅಧ್ಯಾಯಗಳನ್ನು ಬಿಟ್ಟು ಬಂದ ವಿದ್ಯಾರ್ಥಿಗೆ ಅಲ್ಲಿ ಕೊಚ್ಚಿಹೋಗುವುದು ಒಂದು ನಾಯಿ. ಗುತ್ತಿಯ ಹಿಂದೆ ಆ ದಾರಿಯುದ್ದಕ್ಕೂ ನಿಧಾನವಾಗಿ ನಡೆದುಬಂದವನಿಗೆ ಕೊಚ್ಚಿಹೋಗುವುದು ಹುಲಿಯ.